ನೃತ್ಯ ಶಾಲೆಗೆ ಎಂಥ ನೆಲ, ಎಷ್ಟು ಕನ್ನಡಿ?

ಪ್ರಶ್ನೆ: ಭರತನಾಟ್ಯದಲ್ಲಿ ವಿದ್ವತ್ ಮುಗಿಸಿ, ಮನೆಯ ಹಜಾರದಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಈಗ ಮಹಡಿಯ ಮೇಲೆ 20 ಅಡಿ ಅಗಲ, 25 ಅಡಿ ಉದ್ದದ ಒಂದು ಹಾಲ್ ಕಟ್ಟಿಸುವ ಯೋಚನೆ ಇದೆ. ಮೇಸ್ತ್ರಿ ಮರದ ಡಿಸೈನಿನ ಟೈಲ್ಸ್ ಹಾಕಿದರೆ ಸಾಕು ಎನ್ನುತ್ತಾರೆ. ಪರಿಚಯದವರೊಬ್ಬರು ಫೋಮ್ ಮ್ಯಾಟ್ ಹಾಸಿ ಎನ್ನುತ್ತಾರೆ. ನಮ್ಮ ಗುರುಗಳನ್ನು ಕೇಳಿದರೆ, ದೇವಸ್ಥಾನದಲ್ಲಿ ಕಲ್ಲಿನ ಮೇಲೇ ನರ್ತಿಸಲಿಲ್ಲವೇ ಎಂದರು. ಒಳ್ಳೆಯ ನೃತ್ಯ ಶಾಲೆಗೆ ನಿಜವಾಗಿ ಏನೇನು ಬೇಕು? ಕನ್ನಡಿ ಎಷ್ಟಿರಬೇಕು? ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬೇಕೇ?
ಓದುಗರು, ಶಿವಮೊಗ್ಗ

ಉತ್ತರ: ಕಟ್ಟಡ ಏಳುವ ಮೊದಲೇ ಕೇಳಿದ್ದೀರಿ, ಬಹಳ ಸಂತೋಷ. ಎಷ್ಟೋ ಜನ ಹಾಲ್ ಮುಗಿಸಿ, ಟೈಲ್ಸ್ ಕೂರಿಸಿ, ಗೋಡೆ ತುಂಬ ಕನ್ನಡಿ ಅಂಟಿಸಿದ ಮೇಲೆ ಮಕ್ಕಳ ಮೊಣಕಾಲು ನೋವಿಗೆ ಪರಿಹಾರ ಕೇಳುತ್ತಾರೆ. ಆ ಹೊತ್ತಿಗೆ ಮಾಡಬಹುದಾದದ್ದು ಬಹಳ ಕಡಿಮೆ ಉಳಿದಿರುತ್ತದೆ.

ನಿಮ್ಮ ಸಂದೇಹ ಎರಡು ಭಾಗದ್ದು ಎಂದು ನಾನು ತಿಳಿದಿದ್ದೇನೆ. ಮೂವರು ಮೂರು ಬಗೆಯ ನೆಲ ಹೇಳಿದ್ದಾರೆ, ಅವರಲ್ಲಿ ಯಾರ ಮಾತು ಸರಿ ಎಂಬುದು ಒಂದು. ಉಳಿದ ಸಲಕರಣೆಗಳಲ್ಲಿ ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬಹುದು ಎಂಬುದು ಇನ್ನೊಂದು. ಮೊದಲನೆಯದನ್ನೇ ನಾನು ಹೆಚ್ಚು ವಿವರಿಸುತ್ತೇನೆ. ನೃತ್ಯ ಶಾಲೆಯ ಮುಖ್ಯ ಸಲಕರಣೆ ನೆಲವೇ. ಅದರಲ್ಲಿ ತಪ್ಪಿದರೆ ಬೇರೆ ಯಾವ ಅನುಕೂಲವೂ ಆ ಕೊರತೆಯನ್ನು ತುಂಬುವುದಿಲ್ಲ.

ಆದರೆ ನೆಲಕ್ಕೂ ಮುಂಚೆ ಒಂದು ಮಾತು. ನಿಮ್ಮ ಹಾಲ್ ಬರುವುದು ಮಹಡಿಯ ಮೇಲೆ. ಸಾಮಾನ್ಯ ಮನೆಯ ಕೋಣೆಗಳ ಸ್ಲ್ಯಾಬನ್ನು, ಐಎಸ್ 875 ಎಂಬ ಭಾರತೀಯ ಮಾನದಂಡದ ಪ್ರಕಾರ, ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ತಾರಸಿಯಾಗಿ ಉಳಿಯುವ ಸ್ಲ್ಯಾಬಿಗೆ ಲೆಕ್ಕ ಇನ್ನೂ ಕಡಿಮೆ, ಸುಮಾರು 150 ಕಿಲೋ. ಕುರ್ಚಿಗಳನ್ನು ಜೋಡಿಸಿ ಬಿಗಿಯದ, ಜನ ಸೇರುವ ಹಾಲ್‌ಗಳಿಗೆ ಅದೇ ಮಾನದಂಡ ಕೇಳುವುದು ಸುಮಾರು 500 ಕಿಲೋ. ಹತ್ತು ಹದಿನೈದು ಮಕ್ಕಳು ಒಂದೇ ತಾಳಕ್ಕೆ ಒಟ್ಟಿಗೆ ತಟ್ಟಿದಾಗ ಬೀಳುವ ಭಾರವೂ ಅವರು ಸುಮ್ಮನೆ ನಿಂತಾಗಿನ ಭಾರವೂ ಒಂದೇ ಅಲ್ಲ. ಆದ್ದರಿಂದ ಮೇಸ್ತ್ರಿಯ ಭರವಸೆಯೊಂದನ್ನೇ ನಂಬದೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಇಲ್ಲಿ ನೃತ್ಯ ತರಗತಿ ನಡೆಯುತ್ತದೆ ಎಂದು ಸ್ಪಷ್ಟವಾಗಿ ಹೇಳಿ ಲೆಕ್ಕ ಹಾಕಿಸಿ. ಈಗಿರುವ ತಾರಸಿಯೇ ಹಾಲಿನ ನೆಲವಾಗುವುದಾದರೆ ಈ ಹೆಜ್ಜೆಯನ್ನು ಬಿಡಲೇಬಾರದು.

ಇನ್ನು ನೆಲ. ಭರತನಾಟ್ಯ ಬರಿಗಾಲಿನ ಕಲೆ. ಓಟಗಾರನಿಗೆ ಇರುವಂತೆ ಶೂ ಸೋಲಿನ ರಕ್ಷಣೆ ಇಲ್ಲಿಲ್ಲ. ಮೇಲಾಗಿ ನಮ್ಮ ಕಲೆಯಲ್ಲಿ ಪಾದವನ್ನು ಬೇಕೆಂದೇ ನೆಲಕ್ಕೆ ತಟ್ಟುತ್ತೇವೆ. ತಟ್ಟಡವಿನಲ್ಲಿ ಅರೆಮಂಡಿಯಲ್ಲಿ ಕುಳಿತು ಪೂರ್ತಿ ಪಾದವನ್ನು ಅಪ್ಪಳಿಸುತ್ತೇವೆ, ಕುದಿತ್ತ ಮೆಟ್ಟಡವಿನಲ್ಲಿ ತುದಿಗಾಲಿನ ಮೇಲೆ ಜಿಗಿದು ಹಿಮ್ಮಡಿ ಊರುತ್ತೇವೆ, ಮಂಡಿ ಅಡವಿನಲ್ಲಿ ಮೊಣಕಾಲನ್ನೇ ನೆಲಕ್ಕೆ ತಾಗಿಸುತ್ತೇವೆ. ಜಿಗಿದು ಇಳಿಯುವಾಗ ಕಾಲಿನ ಮೇಲೆ ಬೀಳುವ ಬಲ ದೇಹದ ತೂಕದ ಹಲವು ಪಟ್ಟು ಇರುತ್ತದೆ. ಇಳಿದ ಪಾದ ಎಷ್ಟು ಬೇಗ ನಿಲ್ಲುತ್ತದೋ ಆ ಬಲ ಅಷ್ಟು ಹೆಚ್ಚು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ರೆಡ್ ಆಕ್ಸೈಡ್, ಶಹಾಬಾದ್ ಕಲ್ಲು, ಇವೆಲ್ಲ ಕೂತಿರುವುದು ಕಾಂಕ್ರೀಟಿನ ಮೇಲೆ. ಅವು ಕೂದಲೆಳೆಯಷ್ಟೂ ಬಾಗುವುದಿಲ್ಲ, ಪಾದ ತಕ್ಷಣ ನಿಲ್ಲುತ್ತದೆ, ಹೊಡೆತವೆಲ್ಲ ಹಿಮ್ಮಡಿ, ಮುಂಗಾಲಿನ ಮೂಳೆ, ಮೊಣಕಾಲು, ಸೊಂಟಕ್ಕೆ ವಾಪಸು ಬರುತ್ತದೆ. ಒಂದು ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ಗೊತ್ತಾಗುತ್ತದೆ, ಪಾಠ ಹೇಳುತ್ತಾ ಇಡೀ ದಿನ ಅದೇ ನೆಲದ ಮೇಲಿರುವ ನಿಮಗೆ ಇನ್ನೂ ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಬಹಳ ಜನರಿಗೆ ಆಗುವ ಒಂದು ಗೊಂದಲವಿದೆ. ನೆಲ ಗಟ್ಟಿಯಾಗಿದ್ದರೆ ಕೆಟ್ಟದ್ದು, ಹಾಗಾದರೆ ಮೆತ್ತಗಿದ್ದರೆ ಒಳ್ಳೆಯದಲ್ಲವೇ ಎಂದು ಯೋಚಿಸುವುದು ಸಹಜ. ಫೋಮ್ ಮ್ಯಾಟಿನ ಸಲಹೆ ಬಂದದ್ದೂ ಅಲ್ಲಿಂದಲೇ. ಆದರೆ ಮೆತ್ತಗಿರುವುದೂ ಬಾಗುವುದೂ ಬೇರೆ ಬೇರೆ ಗುಣಗಳು. ಮ್ಯಾಟಿನ ಮೇಲೆ ಪಾದ ಊರಿದ ಜಾಗದಲ್ಲಷ್ಟೇ ಕುಳಿ ಬೀಳುತ್ತದೆ, ಪಾದ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇಳಿಯುತ್ತದೆ, ಹರಡು ಅಲ್ಲಾಡುತ್ತದೆ. ಬೆವರಿದ ಅಂಗಾಲನ್ನು ಫೋಮ್ ಕಚ್ಚಿ ಹಿಡಿಯುತ್ತದೆ. ಭ್ರಮರಿ ತಿರುಗುವಾಗ ದೇಹ ತಿರುಗಿ ಪಾದ ಅಲ್ಲೇ ಉಳಿದರೆ ತಿರುಚುವುದು ಮೊಣಕಾಲು. ಇವೆಲ್ಲದರ ಜೊತೆಗೆ ತಟ್ಟಿನ ನಾದವೂ ಸತ್ತುಹೋಗುತ್ತದೆ. ಹತ್ತು ಮಕ್ಕಳಲ್ಲಿ ಯಾರ ಹೆಜ್ಜೆ ತಾಳಕ್ಕೆ ಹಿಂದೆ ಬಿತ್ತು ಎಂದು ನೀವು ಕಣ್ಣಿಗಿಂತ ಮೊದಲು ಕಿವಿಯಿಂದ ಹಿಡಿಯುತ್ತೀರಿ. ಅದನ್ನು ಕಳೆದುಕೊಂಡರೆ ಪಾಠವೇ ಕಷ್ಟ.

ಬೇಕಾದದ್ದು ಮೇಲ್ಮೈ ಗಟ್ಟಿಯಾಗಿ, ಸಮವಾಗಿ ಇದ್ದು, ಒಟ್ಟು ನೆಲ ಮಾತ್ರ ತುಸು ಬಾಗಿ ತಕ್ಷಣ ಮೊದಲಿನಂತಾಗುವ ವ್ಯವಸ್ಥೆ. ತೋಡಿಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಡೆದವರಿಗೆ ಈ ಅನುಭವ ಗೊತ್ತು: ಕಾಲಿಗೆ ಹಲಗೆ ಗಟ್ಟಿಯೇ, ಆದರೆ ಹೆಜ್ಜೆಗೆ ಅದು ಒಲಿಯುತ್ತದೆ. ನೃತ್ಯದ ನೆಲದಲ್ಲಿ ಆ ಒಲಿಯುವಿಕೆ ಕೆಲವೇ ಮಿಲಿಮೀಟರಿನದು, ಕಣ್ಣಿಗೆ ಕಾಣುವಂಥದ್ದಲ್ಲ. ಇದನ್ನು ಸ್ಪ್ರಂಗ್ ಫ್ಲೋರ್ ಎನ್ನುತ್ತಾರೆ. ಯುರೋಪಿನಲ್ಲಿ ಒಳಾಂಗಣ ಕ್ರೀಡಾ ನೆಲಗಳಿಗೆ ಇಎನ್ 14904 ಎಂಬ ಮಾನದಂಡವಿದೆ. ಅದರ ಪ್ರಕಾರ ನೆಲ ಹೊಡೆತದ ಬಲವನ್ನು ಕನಿಷ್ಠ ಶೇ. 25ರಷ್ಟು ತಗ್ಗಿಸಬೇಕು, ಶೇ. 75ನ್ನು ಮೀರಬಾರದು. ಮೇಲಿನ ಮಿತಿಯನ್ನೂ ಹಾಕಿರುವುದನ್ನು ಗಮನಿಸಿ. ಅತಿ ಮೆತ್ತಗಿನ ನೆಲವನ್ನೂ ಅವರು ಒಪ್ಪುವುದಿಲ್ಲ.

ಇದು ಅರ್ಥವಾದರೆ ಮೇಸ್ತ್ರಿಯ ಸಲಹೆಗೆ ಉತ್ತರ ತಾನಾಗಿ ಸಿಗುತ್ತದೆ. ಮರದ ಡಿಸೈನಿನ ಟೈಲ್ಸ್ ಎಷ್ಟೆಂದರೂ ಟೈಲ್ಸೇ. ನಿಜವಾದ ತೇಗದ ಹಲಗೆಯನ್ನೇ ತಂದರೂ ಅದನ್ನು ಕಾಂಕ್ರೀಟಿಗೆ ನೇರವಾಗಿ ಅಂಟಿಸಿದರೆ ಕಾಲಿಗೆ ಸಿಗುವುದು ಕಾಂಕ್ರೀಟೇ. ಲ್ಯಾಮಿನೇಟ್ ಫ್ಲೋರಿಂಗ್ ಅಡಿಯಲ್ಲಿ ಹಾಕುವ ತೆಳು ಫೋಮಿನಿಂದಲೂ ಈ ಕೆಲಸ ಆಗುವುದಿಲ್ಲ. ನೆಲದ ಗುಣ ಇರುವುದು ಮೇಲೆ ಕಾಣುವ ವಸ್ತುವಿನ ಅಡಿಯಲ್ಲಿ ಏನಿದೆ ಎಂಬುದರಲ್ಲಿ.

ಅಡಿಯಲ್ಲಿ ಏನು ಹಾಕಬೇಕು? ಎರಡು ದಾರಿಗಳಿವೆ. ಹಳೆಯ ವಿಧಾನದಲ್ಲಿ ಮರದ ರೀಪರ್‌ಗಳನ್ನು ಎರಡು ಮೂರು ಪದರಗಳಲ್ಲಿ ಒಂದಕ್ಕೊಂದು ಅಡ್ಡಲಾಗಿ ಜೋಡಿಸುತ್ತಾರೆ. ಕೆಳಗಿನ ಪದರದ ಆಧಾರ ಮೇಲಿನ ಪದರದ ಆಧಾರದ ನೇರಕ್ಕೆ ಬರದಂತೆ ನೋಡಿಕೊಳ್ಳುವುದರಿಂದ ಎಲ್ಲ ಕಡೆಯೂ ಮರ ಸ್ವಲ್ಪ ಬಾಗುತ್ತದೆ. ಇದಕ್ಕೆ ನುರಿತ ಬಡಗಿ ಬೇಕು, ಎತ್ತರವೂ ಹೆಚ್ಚು ಹೋಗುತ್ತದೆ. ಇನ್ನೊಂದು ವಿಧಾನ ನಿಮ್ಮಂಥ ಹಾಲಿಗೆ ಅನುಕೂಲ: ಕಾಂಕ್ರೀಟಿನ ಮೇಲೆ ಸುಮಾರು ಅಡಿಗೊಂದರಂತೆ ದಟ್ಟ ರಬ್ಬರ್ ಅಥವಾ ಹೆಚ್ಚು ಸಾಂದ್ರತೆಯ ಫೋಮ್ ಪ್ಯಾಡ್‌ಗಳನ್ನು ಇಟ್ಟು, ಅವುಗಳ ಮೇಲೆ ಪ್ಲೈವುಡ್ಡಿನ ಎರಡು ಪದರ ಹಾಸಿ, ಎರಡನ್ನೂ ಒಂದಕ್ಕೊಂದು ಸ್ಕ್ರೂ ಮಾಡುವುದು. ಮೇಲಿನ ಪದರದ ಸಂದು ಕೆಳಗಿನ ಪದರದ ಸಂದಿನ ಮೇಲೆ ಬರಬಾರದು. ಸ್ಕ್ರೂ ಕಾಂಕ್ರೀಟಿಗೆ ಇಳಿಯಲೇಬಾರದು, ಇಳಿದ ಕಡೆಯೆಲ್ಲ ನೆಲ ಬಾಗುವುದನ್ನು ನಿಲ್ಲಿಸಿಬಿಡುತ್ತದೆ. ಇದರ ಮೇಲೆ ಮರದ ಹಲಗೆ ಹಾಸಬಹುದು. ಹಣ ಸಾಲದಿದ್ದರೆ ಒಳ್ಳೆಯ ಪ್ಲೈವುಡ್ಡಿಗೇ ನಯವಾಗಿ ಉಜ್ಜಿ, ಹೊಳಪಿಲ್ಲದ ಪಾಲಿಯುರೆಥೇನ್ ಬಳಿದು ಬಳಸಬಹುದು. ಹೊಳೆಯುವ ಪಾಲಿಷ್, ಮೇಣ ಎರಡೂ ಬೇಡ, ಜಾರುತ್ತವೆ.

ಶಿವಮೊಗ್ಗದ ಮಳೆಗಾಲ ನಿಮಗೆ ನಾನು ಹೇಳಬೇಕಾದ್ದಲ್ಲ. ಪ್ಲೈವುಡ್ ಕೊಳ್ಳುವಾಗ ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ ಕೇಳಿ, ಅದು ತೇವಕ್ಕೆ ತಾಳುತ್ತದೆ. ಗೆದ್ದಲಿನ ಔಷಧಿಯನ್ನು ಮೊದಲೇ ಹೊಡೆಸಿ. ಮರ ಮಳೆಗಾಲದಲ್ಲಿ ಹಿಗ್ಗುವುದರಿಂದ ನಾಲ್ಕೂ ಗೋಡೆಗಳ ಬಳಿ ಅರ್ಧ ಇಂಚಿನಷ್ಟು ಸಂದು ಬಿಟ್ಟು, ಅದನ್ನು ಗೋಡೆಗೆ ಮಾತ್ರ ಬಿಗಿದ ಸ್ಕರ್ಟಿಂಗ್ ಪಟ್ಟಿಯಿಂದ ಮುಚ್ಚಿಸಿ. ಸಂದು ಬಿಡದಿದ್ದರೆ ನಡುವೆ ನೆಲ ಉಬ್ಬುತ್ತದೆ. ಹೊಸ ಸ್ಲ್ಯಾಬ್ ತಿಂಗಳುಗಟ್ಟಲೆ ಒಳಗಿನ ತೇವ ಬಿಡುತ್ತಿರುತ್ತದೆ. ಮರ ಹಾಸುವ ಮುನ್ನ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಸ್ಲ್ಯಾಬಿಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಅಡಿಯಲ್ಲಿ ನೀರ ಹನಿ ಕಂಡರೆ ಇನ್ನೂ ಕಾಯಬೇಕು. ಈ ನೆಲ ಎರಡು ಮೂರು ಇಂಚು ಎತ್ತರ ತಿನ್ನುವುದರಿಂದ ಬಾಗಿಲಿನ ಹೊಸ್ತಿಲನ್ನು ಆ ಲೆಕ್ಕದಲ್ಲೇ ಇಡಿಸಿ.

ನಿಮ್ಮ ಗುರುಗಳ ಮಾತನ್ನು ನಾನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ನವರಂಗದಲ್ಲಿ ನುಣುಪಾದ ದುಂಡು ಕಲ್ಲಿನ ವೇದಿಕೆ ಇಂದಿಗೂ ಇದೆ, ಅಲ್ಲಿ ನರ್ತನ ಸೇವೆ ನಡೆಯುತ್ತಿತ್ತು. ಆದರೆ ಪಳಗಿದ ನರ್ತಕಿ ಸೇವೆಗೆಂದು ಕಲ್ಲಿನ ಮೇಲೆ ನರ್ತಿಸುವುದಕ್ಕೂ, ಆರೇಳು ವರ್ಷದ ಮಗು ಒಂದೇ ಅಡವನ್ನು ಮೂರು ಕಾಲದಲ್ಲಿ ನೂರಾರು ಸಲ ತಟ್ಟಿ ಕಲಿಯುವುದಕ್ಕೂ ಹೋಲಿಕೆ ಇಲ್ಲ. ಕಲ್ಲಿನ ಮೇಲೆ ಕಲಿತು ಗೆದ್ದವರು ನಮ್ಮ ಕಣ್ಣಿಗೆ ಕಾಣುತ್ತಾರೆ, ನೋವಿನಿಂದ ನಡುವೆಯೇ ಗೆಜ್ಜೆ ಬಿಚ್ಚಿಟ್ಟವರು ಕಾಣುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ಗುರುಗಳಿಗೆ ನೆನಪಿಸಬಹುದು. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಪೂರ್ತಿ ನಾಟ್ಯಮಂಟಪದ ರಚನೆಯನ್ನೇ ಕುರಿತದ್ದು. ಅಲ್ಲಿ ರಂಗವನ್ನು ತುಂಬಬೇಕೆಂದು ಹೇಳಿರುವುದು ಕಪ್ಪು ಮಣ್ಣಿನಿಂದ, ಅದೂ ನೇಗಿಲು ಹಾಯಿಸಿ ಕಲ್ಲು, ಹುಲ್ಲು ತೆಗೆದ ಮಣ್ಣಿನಿಂದ. ಮೇಲ್ಮೈ ಆಮೆಯ ಬೆನ್ನಿನಂತೆಯೂ ಇರಬಾರದು, ಮೀನಿನ ಬೆನ್ನಿನಂತೆಯೂ ಇರಬಾರದು, ಕನ್ನಡಿಯಂತೆ ಸಮವಾಗಿರಬೇಕು ಎಂಬ ಎಚ್ಚರವೂ ಅಲ್ಲಿದೆ. ಆಡುವವರ ಕಾಲಡಿ ಏನಿರಬೇಕು ಎಂದು ಶಾಸ್ತ್ರಕಾರರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು ಎನ್ನುವುದು ನನಗೆ ಪ್ರತಿಸಲವೂ ಬೆರಗು ತರುತ್ತದೆ. ಹದವಾಗಿ ಬಡಿದ ಮಣ್ಣಿನ ನೆಲ ಕಾಂಕ್ರೀಟಿನಷ್ಟು ನಿಷ್ಠುರವಲ್ಲ. ಈಗ ಮಣ್ಣಿನ ನೆಲ ಮಹಡಿಯ ಮೇಲೆ ಆಗದ ಮಾತು, ಅದಕ್ಕೇ ಮರ.

ನೆಲ ಸಿದ್ಧವಾದ ಮೇಲೆ ಪರೀಕ್ಷಿಸುವುದು ಸುಲಭ. ಒಬ್ಬರು ಕಣ್ಣು ಮುಚ್ಚಿ ನಿಲ್ಲಲಿ, ಮೂರು ನಾಲ್ಕು ಅಡಿ ದೂರದಲ್ಲಿ ಇನ್ನೊಬ್ಬರು ಸಣ್ಣಗೆ ಜಿಗಿಯಲಿ. ನಿಂತವರ ಅಂಗಾಲಿಗೆ ಅದು ತಿಳಿಯಬೇಕು, ಆದರೆ ಅವರ ನಿಲುವು ಕದಲಬಾರದು. ಹಾಲಿನ ಮೂಲೆ, ನಡು, ಬಾಗಿಲ ಬಳಿ ಎಲ್ಲ ಕಡೆ ಹೀಗೆ ನೋಡಿ. ಒಂದು ಕಡೆ ಒಲಿದು ಇನ್ನೊಂದು ಕಡೆ ಒಲಿಯದ ನೆಲ, ಪೂರ್ತಿ ಗಟ್ಟಿ ನೆಲಕ್ಕಿಂತ ಅಪಾಯ, ಏಕೆಂದರೆ ಕಾಲು ನಿರೀಕ್ಷಿಸಿದ್ದು ಒಂದು, ಸಿಗುವುದು ಇನ್ನೊಂದು.

ವಿನೈಲ್ ಹಾಳೆಯ ಬಗ್ಗೆಯೂ ಯಾರಾದರೂ ಹೇಳಿಯಾರು. ಮಾರ್ಲಿ ಎಂದು ಕರೆಯುವ ಆ ಹಾಳೆ ಬ್ಯಾಲೆ, ಕಂಟೆಂಪರರಿ ನೃತ್ಯಗಳಿಗೆ ಬಹಳ ಒಳ್ಳೆಯದು. ಬೆವರಿದ ಬರಿಗಾಲಿಗೆ ಅದು ಅಂಟುವುದರಿಂದ ಭರತನಾಟ್ಯಕ್ಕೆ ನಾನು ಮರವನ್ನೇ ಆರಿಸುತ್ತೇನೆ. ಹೇಗಿದ್ದರೂ ಅದು ಮೇಲಿನ ಹೊದಿಕೆ ಮಾತ್ರ, ಕಾಂಕ್ರೀಟಿನ ಮೇಲೆ ಹಾಸಿದ ವಿನೈಲ್ ಕಾಲನ್ನು ಕಾಪಾಡುವುದಿಲ್ಲ.

ಜಾಗದ ಲೆಕ್ಕ ಹೀಗೆ. ಮನುಷ್ಯ ಎರಡೂ ಕೈ ಚಾಚಿದರೆ ಹೆಚ್ಚುಕಡಿಮೆ ಅವನ ಎತ್ತರದಷ್ಟೇ ಅಗಲವಾಗುತ್ತದೆ. ಅದಕ್ಕೆ ಒಂದು ಅಡಿ ಸೇರಿಸಿ ಚೌಕ ಮಾಡಿದರೆ ಒಬ್ಬರಿಗೆ ಬೇಕಾದ ಜಾಗ. ಐದು ಅಡಿ ಎತ್ತರದ ಹುಡುಗಿಗೆ 36 ಚದರ ಅಡಿ, ನಾಲ್ಕು ಅಡಿಯ ಮಗುವಿಗೆ 25 ಚದರ ಅಡಿ. ನಿಮ್ಮ ಹಾಲಿನ ಮುಂಭಾಗದಲ್ಲಿ ಆರು ಅಡಿ ನಿಮಗೂ ತಟ್ಟುಮನೆಗೂ ಬಿಟ್ಟರೆ 380 ಚದರ ಅಡಿ ಉಳಿಯುತ್ತದೆ. ಅಂದರೆ ದೊಡ್ಡವರಾದರೆ ಹತ್ತು, ಚಿಕ್ಕ ಮಕ್ಕಳಾದರೆ ಹದಿನೈದು. ಅದಕ್ಕಿಂತ ಹೆಚ್ಚು ಸೇರಿಸಿದರೆ ಮಕ್ಕಳು ಕೈ ಮಡಚಿ ಅಡವು ಮಾಡಲು ಕಲಿಯುತ್ತಾರೆ, ಆಮೇಲೆ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಚಾವಣಿ ಹತ್ತು ಅಡಿಗಿಂತ ಹನ್ನೊಂದು ಹನ್ನೆರಡು ಅಡಿ ಇದ್ದರೆ ಒಳ್ಳೆಯದು. ಕೈ ಮೇಲೆತ್ತಿ ಜಿಗಿಯುವವರ ತಲೆಯ ಮೇಲೆ ಫ್ಯಾನ್ ಬೇಡ, ಗೋಡೆಯ ಫ್ಯಾನ್ ಹಾಕಿಸಿ.

ಕನ್ನಡಿಯ ವಿಷಯದಲ್ಲಿ ನಿಮಗೆ ಹಣ ಉಳಿಸಿಕೊಡಬಲ್ಲೆ ಎಂದುಕೊಂಡಿದ್ದೇನೆ. ನೆಲದಿಂದ ಚಾವಣಿಯವರೆಗೆ ಕನ್ನಡಿ ಬೇಕಿಲ್ಲ. ಪೂರ್ತಿ ದೇಹ ಕಾಣಲು ದೇಹದ ಅರ್ಧದಷ್ಟು ಎತ್ತರದ ಕನ್ನಡಿ ಸಾಕು, ಎಷ್ಟು ದೂರ ನಿಂತರೂ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ಪಾದ ಕಾಣುವುದು ಕಣ್ಣಿಗೂ ನೆಲಕ್ಕೂ ನಡುಮಧ್ಯದ ಎತ್ತರದಲ್ಲಿ, ಮೇಲೆತ್ತಿದ ಕೈ ಕಾಣುವುದು ಕಣ್ಣಿಗೂ ಕೈತುದಿಗೂ ನಡುಮಧ್ಯದಲ್ಲಿ. ಪೂರ್ಣ ಮಂಡಿಯಲ್ಲಿ ಕುಳಿತ ಚಿಕ್ಕ ಮಗುವಿನಿಂದ ಕೈ ಎತ್ತಿ ನಿಂತ ದೊಡ್ಡವರವರೆಗೆ ಎಲ್ಲರಿಗೂ ಹೊಂದಬೇಕೆಂದರೆ, ಮುಕ್ಕಾಲು ಅಡಿ ಎತ್ತರದಲ್ಲಿ ಶುರುವಾಗಿ ಆರೂವರೆ ಅಡಿಗೆ ಮುಗಿಯುವ ಕನ್ನಡಿ ಸಾಕಾಗುತ್ತದೆ. ಕೆಳಗೆ ಬಿಟ್ಟ ಜಾಗದಿಂದ ಒರೆಸುವ ನೀರೂ ಕಾಲಿನ ಏಟೂ ಗಾಜಿಗೆ ತಾಗುವುದಿಲ್ಲ. ದಪ್ಪ 5 ಅಥವಾ 6 ಮಿಲಿಮೀಟರ್ ಇರಲಿ, ಹಿಂಬದಿಗೆ ಸುರಕ್ಷತಾ ಫಿಲ್ಮ್ ಅಂಟಿಸಿರಲಿ, ಒಡೆದರೆ ಚೂರುಗಳು ಮಕ್ಕಳ ಬರಿಗಾಲಿಗೆ ಬೀಳುವುದಿಲ್ಲ. ತೆಳು ಕನ್ನಡಿ ಗೋಡೆಯ ಅಂಕುಡೊಂಕಿಗೆ ಬಾಗಿ ನೇರ ಬೆನ್ನನ್ನೂ ಸೊಟ್ಟಗೆ ತೋರಿಸುತ್ತದೆ.

ಒಂದೇ ಗೋಡೆಗೆ ಹಾಕಿ, ಕಿಟಕಿಯ ಎದುರು ಬೇಡ. ಅದಕ್ಕೊಂದು ಪರದೆಯನ್ನೂ ಹಾಕಿಸಿ. ಇದನ್ನು ಅಲಂಕಾರವೆಂದು ಬಿಡಬೇಡಿ. ಹಸ್ತ ಹೋದ ಕಡೆ ದೃಷ್ಟಿ ಸಾಗಬೇಕೆಂಬುದು ಅಭಿನಯ ದರ್ಪಣದ ಪಾಠ. ಸದಾ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಕಲಿತ ಮಗುವಿನ ಕಣ್ಣು ಎದುರಿಗೇ ಅಂಟಿಕೊಳ್ಳುತ್ತದೆ, ವೇದಿಕೆಯ ಮೇಲೆ ಕನ್ನಡಿ ಇಲ್ಲದಾಗ ತಬ್ಬಿಬ್ಬಾಗುತ್ತದೆ. ಅರೆಮಂಡಿ, ಬೆನ್ನು, ಭುಜದ ನೇರ ತಿದ್ದುವಾಗ ಪರದೆ ಸರಿಸಿ. ಅಭಿನಯದ ಪಾಠಕ್ಕೆ, ಪೂರ್ತಿ ಐಟಂ ಮಾಡಿಸುವಾಗ ಮುಚ್ಚಿ.

ಸದ್ದಿಗೂ ಆ ಪರದೆ ನೆರವಾಗುತ್ತದೆ. ಗಾಜು, ಸಿಮೆಂಟಿನ ಗೋಡೆ ಎದುರುಬದುರಾದರೆ ತಾಳದ ಸದ್ದು ನಡುವೆ ಬಡಿದಾಡುತ್ತಾ ಸೊಲ್ಲು ಕಲಸಿಹೋಗುತ್ತದೆ. ಕನ್ನಡಿಯ ಎದುರು ಗೋಡೆಗೂ ದಪ್ಪ ಬಟ್ಟೆಯ ಪರದೆ ಅಥವಾ ಸಾಫ್ಟ್ ಬೋರ್ಡ್ ಇರಲಿ. ಮೇಲೆ ಶೀಟ್ ಹಾಕಿಸುವ ಆಲೋಚನೆ ಇದ್ದರೆ ದಯವಿಟ್ಟು ಇನ್ನೊಮ್ಮೆ ಯೋಚಿಸಿ. ಮಲೆನಾಡಿನ ಸೆರಗಿನಲ್ಲಿರುವ ನಿಮ್ಮೂರಿನಲ್ಲಿ ಜೂನ್ ತಿಂಗಳಿಂದ ಶೀಟಿನ ಅಡಿ ನಟ್ಟುವಾಂಗ ಕೇಳಿಸುವುದಿಲ್ಲ, ಏಪ್ರಿಲಿನಲ್ಲಿ ಮಕ್ಕಳು ಬಿಸಿಗೆ ಬಸವಳಿಯುತ್ತಾರೆ. ಬೇರೆ ದಾರಿ ಇಲ್ಲದಿದ್ದರೆ ಶೀಟಿನ ಕೆಳಗೆ ಶಾಖವನ್ನೂ ಸದ್ದನ್ನೂ ತಡೆಯುವ ಪದರ ಕೊಟ್ಟು ಫಾಲ್ಸ್ ಸೀಲಿಂಗ್ ಮಾಡಿಸಿ. ಪ್ಯಾಡುಗಳ ಮೇಲೆ ಕೂತ ನೆಲದಿಂದ ಕೆಳಮನೆಗೆ ಹೋಗುವ ಧಡ್ ಧಡ್ ಸದ್ದೂ ತಗ್ಗುತ್ತದೆ. ಅಕ್ಕಪಕ್ಕದವರ ಮಟ್ಟಿಗೆ, ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ.

ಗಾಳಿ ಬೆಳಕಿಗೆ ಎದುರುಬದುರು ಕಿಟಕಿಗಳಿರಲಿ. ನಾಟ್ಯಶಾಸ್ತ್ರ ಪ್ರದರ್ಶನದ ಮಂಟಪವನ್ನು ಗುಹೆಯಂತೆ, ಗಾಳಿ ನುಗ್ಗದಂತೆ ಕಟ್ಟಲು ಹೇಳುವುದು ನಟರ ಧ್ವನಿ ಗಂಭೀರವಾಗಿ ಮೊಳಗಲೆಂದು. ಅಭ್ಯಾಸದ ಕೋಣೆಯಲ್ಲಿ ಉಸಿರಾಟವೇ ಮುಖ್ಯ.

ಉಳಿದ ಸಲಕರಣೆಗಳು ನಿಮ್ಮಲ್ಲಿ ಬಹುತೇಕ ಆಗಲೇ ಇರಬೇಕು: ತಟ್ಟುಮನೆ ಮತ್ತು ಕೋಲು, ತಾಳ, ಶ್ರುತಿ ಪೆಟ್ಟಿಗೆ, ಸ್ಪಷ್ಟವಾಗಿ ಕೇಳಿಸುವ ಒಂದು ಸ್ಪೀಕರ್. ಹೊರಗೆ ಚಪ್ಪಲಿ ಗೂಡು, ಕುಡಿಯುವ ನೀರು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಹಾಲಿನ ಬಾಗಿಲಿಗೆ ಗಾಜಿನ ಕಿಂಡಿ ಇಡಿಸಿ, ತಂದೆತಾಯಂದಿರು ಹೊರಗಿಂದಲೇ ನೋಡಬಹುದು. ನಟರಾಜನ ಮುಂದಿನ ದೀಪವನ್ನು ಅಂಚಿರುವ ತಟ್ಟೆಯಲ್ಲಿಟ್ಟು ನರ್ತಿಸುವ ನೆಲದಿಂದ ದೂರ ಇರಿಸಿ, ಮರದ ಮೇಲೆ ಎಣ್ಣೆಯ ಒಂದು ಹನಿ ಸಾಕು ಜಾರಲು. ತರಗತಿ ಮುಗಿದ ಮೇಲೆ ಉದುರಿದ ಗೆಜ್ಜೆ ಹೆಕ್ಕಿಸಿ, ನೆಲವನ್ನು ಗುಡಿಸಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಕೆಟ್ಟುಗಟ್ಟಲೆ ನೀರು, ಸೋಪು ಬೇಡ.

ಕೊನೆಗೆ ಕಂಬಿ. ಅದು ಬ್ಯಾಲೆಯ ಸಲಕರಣೆ. ಅಲ್ಲಿ ಅಭ್ಯಾಸ ಆರಂಭವಾಗುವುದೇ ಕಂಬಿ ಹಿಡಿದು ಒಂಟಿಕಾಲಿನ ಸಮತೋಲ ಕಲಿಯುವುದರಿಂದ. ಭರತನಾಟ್ಯದ ಮಗು ಮೊದಲ ದಿನದಿಂದಲೇ ಆಧಾರವಿಲ್ಲದೆ ಅರೆಮಂಡಿಯಲ್ಲಿ ಕೂರಲು ಕಲಿಯುತ್ತದೆ, ಅದಕ್ಕೆ ಕಂಬಿ ಬೇಡ. ಮುಂದೆ ಬೇರೆ ನೃತ್ಯದವರಿಗೆ ಹಾಲನ್ನು ಬಾಡಿಗೆಗೆ ಕೊಡುವುದಾದರೆ ಎತ್ತಿಡಬಹುದಾದ ಸ್ಟ್ಯಾಂಡಿನ ಕಂಬಿ ಆಗ ತರಿಸಿಕೊಳ್ಳಿ. ಸದ್ಯಕ್ಕೆ ಅದಕ್ಕೆಂದು ತೆಗೆದಿಟ್ಟ ಹಣವಿದ್ದರೆ ನೆಲದಡಿಯ ಪ್ಯಾಡುಗಳ ಲೆಕ್ಕಕ್ಕೆ ಸೇರಿಸಿಬಿಡಿ.